ಓದುವ ಯಂತ್ರವೂ ಎರಡು ಉಳವಿಗಳೂ

ನನ್ನ ತವರೂರು ಉಳವಿ ಎಂದೊಡನೆ ಕೇಳಿದವರಲ್ಲಿ ಅರ್ಧ ಜನ, "ಅಬ್ಬಾ, ಚೆನ್ನಬಸವಣ್ಣನವರ ಕ್ಷೇತ್ರ! ಪುಣ್ಯವಂತರು ನೀವು" ಎಂದುಬಿಡುತ್ತಾರೆ. ನಾನು ತಿದ್ದುತ್ತೇನೆ. ಆ ಉಳವಿ ಇರುವುದು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕಾಡಿನ ನಡುವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆಯಾದ ಮೇಲೆ ಶರಣರು ಹೋಗಿ ಸೇರಿದ ಊರು ಅದು. ಚೆನ್ನಬಸವಣ್ಣನವರ ಸಮಾಧಿ ಇರುವುದು ಅಲ್ಲಿ, ಭಾರತ ಹುಣ್ಣಿಮೆಯ ಹೊತ್ತಿಗೆ ಜನ ಜಾತ್ರೆಗೆ ಹೋಗುವುದು ಅಲ್ಲಿಗೆ. ನನ್ನ ಉಳವಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಹೋಬಳಿ ಊರು. ಸುತ್ತ ಭತ್ತದ ಗದ್ದೆ, ಅಡಿಕೆ ತೋಟ, ಕೆರೆ. ಹೆಸರು ಒಂದೇ, ಊರು ಎರಡು.

ಇಷ್ಟು ಹೇಳಿದರೆ ಮನುಷ್ಯರು ಅರ್ಥ ಮಾಡಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ರಜೆಗೆ ಬಂದಾಗ ಒಮ್ಮೆ ಕೇಳಿದಳು: "ದೊಡ್ಡಮ್ಮ, ಮನುಷ್ಯರಿಗಾದ್ರೆ ನೀವು ಹೇಳ್ತೀರಿ. ಬರೀ ಓದಿ ಕಲಿಯೋ ಯಂತ್ರಕ್ಕೆ ಇದನ್ನ ಯಾರು ಹೇಳ್ತಾರೆ?" ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದವಳು ನಾನು. ಯಂತ್ರಗಳ ವಿಷಯ ನನ್ನದಲ್ಲ. ಆದರೆ ಓದಿ ಕಲಿಯುವುದು, ಕಲಿತದ್ದು ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚುವುದು ಇತಿಹಾಸದವರ ಕಸುಬೇ ತಾನೆ? ಹಾಗಾಗಿ ಅವಳನ್ನು ಕೂರಿಸಿಕೊಂಡು ಆ ಯಂತ್ರದ ಚರಿತ್ರೆಯನ್ನು ಕೇಳಿದೆ, ಆಮೇಲೆ ನಾನೂ ಒಂದಿಷ್ಟು ಓದಿಕೊಂಡೆ.

ಕಂಪ್ಯೂಟರಿಗೆ ಲೋಕಜ್ಞಾನ ಕಲಿಸಬೇಕೆಂಬ ಆಸೆ ಹೊಸದಲ್ಲ. 1984ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಡಗ್ಲಾಸ್ ಲೆನಾಟ್ ಎಂಬವರು 'ಸೈಕ್' ಎಂಬ ಕೆಲಸ ಆರಂಭಿಸಿದರು. ಮಳೆಯಲ್ಲಿ ನಿಂತರೆ ಮೈ ಒದ್ದೆಯಾಗುತ್ತದೆ, ಮಗುವಿಗಿಂತ ತಾಯಿ ದೊಡ್ಡವಳು ಎಂಬಂಥ, ನಾವು ಯಾರೂ ಬರೆದಿಡದ ಸಾಮಾನ್ಯ ತಿಳಿವಳಿಕೆಯನ್ನು ಒಂದೊಂದಾಗಿ ಕೈಯಾರೆ ಯಂತ್ರಕ್ಕೆ ತುಂಬುವ ಕೆಲಸ. ಎಳೆಮಗುವಿಗೆ ತುತ್ತು ಕಲಸಿ ಬಾಯಿಗಿಟ್ಟ ಹಾಗೆ. ವರ್ಷಗಟ್ಟಲೆ ಉಣಿಸಿದರೂ ಲೋಕ ಮುಗಿಯಲಿಲ್ಲ. ಹಾಗಾದರೆ ಮಗು ತಾನೇ ತಟ್ಟೆಗೆ ಕೈ ಹಾಕಿ ಉಣ್ಣುವುದನ್ನು ಕಲಿಯಬಾರದೇ, ಎಂದರೆ ತಾನೇ ಓದಿ ಕಲಿಯಬಾರದೇ ಎಂಬ ಯೋಚನೆ ಬಂತು.

ಅದಕ್ಕೆ ಒಂದು ಒಳ್ಳೆಯ ದಾರಿ ತೋರಿಸಿದವರಲ್ಲಿ ಮಾರ್ಟಿ ಹರ್ಸ್ಟ್ ಎಂಬ ಹೆಣ್ಣುಮಗಳೂ ಒಬ್ಬಳು ಎಂದು ತಿಳಿದು ನನಗೆ ಸಂತೋಷವಾಯಿತು. 1992ರಲ್ಲಿ ಆಕೆ ತೋರಿಸಿಕೊಟ್ಟದ್ದು ಬಹಳ ಸರಳ. ಕನ್ನಡದಲ್ಲೇ ನೋಡೋಣ. "ಸಂಪಿಗೆ, ಸುರಗಿ, ಕೇದಿಗೆ ಮೊದಲಾದ ಹೂವುಗಳು" ಎಂಬ ಮಾತು ಎಲ್ಲೋ ಇದೆ ಎನ್ನಿ. ಸುರಗಿಯನ್ನು ಎಂದೂ ಕಾಣದವರಿಗೂ ಅದು ಒಂದು ಹೂವು ಎಂದು ಗೊತ್ತಾಗುತ್ತದೆ. ಗೊತ್ತು ಮಾಡಿಸಿದ್ದು 'ಮೊದಲಾದ' ಎಂಬ ಒಂದು ಪದ. ಇಂಗ್ಲಿಷಿನಲ್ಲಿರುವ ಇಂಥ ಪದಗಳ ಹಿಂದುಮುಂದು ನೋಡುವುದನ್ನು ಕಲಿಸಿದರೆ ಯಂತ್ರ ಅರ್ಥ ತಿಳಿಯದೆಯೇ ಸಂಗತಿಗಳನ್ನು ಹೆಕ್ಕಬಲ್ಲದು.

ಈ ದಾರಿಯಲ್ಲಿ ಬಹುದೂರ ನಡೆದದ್ದು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ನೆಲ್'. ಹುಡುಗಿಯ ಹೆಸರಿನಂತಿದ್ದರೂ 'ಎಂದೂ ಮುಗಿಯದ ಭಾಷಾಕಲಿಕೆ' ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಅವು. ಟಾಮ್ ಮಿಚೆಲ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ಸೇರಿ 2010ರ ಜನವರಿಯಲ್ಲಿ ಅದನ್ನು ಓದಲು ಕೂರಿಸಿದರು. ಹಗಲಿರುಳೂ ಓದು. ಎದುರಿಗೆ ಅಂತರಜಾಲದ 50 ಕೋಟಿ ಪುಟಗಳು. ಆರಂಭಕ್ಕೆ ಕೊಟ್ಟ ಬುತ್ತಿ ಮಾತ್ರ ಸಣ್ಣದು: ನಗರ, ಹಣ್ಣು, ಕಂಪೆನಿ, ಆಟಗಾರ ಎಂಬಂಥ ನೂರಾರು ವರ್ಗಗಳು, ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆಗಳು. ಈ ಕಡ ತಂದ ಹೆಪ್ಪಿನಿಂದ ಅದು ಹಾಲನ್ನೆಲ್ಲ ಮೊಸರು ಮಾಡಬೇಕು.

ಓದಿದ್ದನ್ನೆಲ್ಲ ನಂಬಿದರೆ ಕೆಟ್ಟಿತಲ್ಲ, ಅದಕ್ಕೇನು ಮಾಡಿದರು? ಇಲ್ಲಿ ನಮ್ಮ ಮನೆಗಳಲ್ಲಿ ಹೆಣ್ಣು ಕೊಡುವ ಮುಂಚೆ ನಡೆಸುವ ವಿಚಾರಣೆಯನ್ನು ನೆನೆಯಿರಿ. ಹುಡುಗನ ಮನೆಯವರ ಬಗ್ಗೆ ಒಬ್ಬರನ್ನೇ ಕೇಳಿ ಬರುತ್ತೇವೆಯೇ? ಹಾಲು ಹಾಕುವವಳನ್ನು ಒಂದು ಕಡೆ, ಆಫೀಸಿನವರನ್ನು ಒಂದು ಕಡೆ, ದೂರದ ನೆಂಟರನ್ನು ಒಂದು ಕಡೆ ಕೇಳುತ್ತೇವೆ. ಒಬ್ಬರಿಗೊಬ್ಬರ ಪರಿಚಯವಿಲ್ಲದವರು ಒಂದೇ ಮಾತು ಹೇಳಿದರೆ ನಂಬುತ್ತೇವೆ. ನೆಲ್ ಒಳಗೂ ಹೀಗೇ ಹಲವು ವಿಚಾರಣೆಗಾರರಿದ್ದರು. ಒಂದು ಭಾಗ ವಾಕ್ಯದ ಹಿಂದುಮುಂದಿನ ಪದಗಳನ್ನು ನೋಡುತ್ತಿತ್ತು, ಇನ್ನೊಂದು ಪುಟಗಳಲ್ಲಿರುವ ಪಟ್ಟಿಗಳನ್ನು, ಮತ್ತೊಂದು ಹೆಸರಿನ ರೂಪವನ್ನು, ಮಗದೊಂದು ಆಗಲೇ ಕಲಿತ ಸಂಗತಿಗಳಿಂದ ನಿಯಮ ಕಟ್ಟುತ್ತಿತ್ತು. ಇವೆಲ್ಲದರ ಸಾಕ್ಷ್ಯ ಸಾಕಷ್ಟು ಗಟ್ಟಿಯಾಗಿದ್ದರೆ ಮಾತ್ರ ಸಂಗತಿ ಖಾತೆಗೆ ಏರುತ್ತಿತ್ತು. ಒಂದು ವಸ್ತು ನಗರವಾದರೆ ಅದು ಮನುಷ್ಯನಾಗಲಾರದು ಎಂಬಂಥ ಬೇಲಿಗಳನ್ನೂ ಹಾಕಿದ್ದರು. ಮೊದಲ 67 ದಿನಗಳಲ್ಲಿ ಅದು 2,42,453 ಸಂಗತಿಗಳನ್ನು ಸೇರಿಸಿತು. ಮಾದರಿಗೆ ಕೆಲವನ್ನು ತೆಗೆದು ನೋಡಿದಾಗ ನೂರಕ್ಕೆ ಸುಮಾರು 74 ಸರಿ ಎಂದು ಅಂದಾಜಾಯಿತು.

ಉಳಿದ 26 ಏನಾದವು? ಅಲ್ಲೇ ಇರುವುದು ಸ್ವಾರಸ್ಯ. ಓದಿ ಕಲಿಯುವವರು ಒಂದು ತಪ್ಪನ್ನು ನಂಬಿದರೆ ಮುಂದಿನ ಓದನ್ನು ಆ ತಪ್ಪಿನ ಕನ್ನಡಕದಲ್ಲೇ ಓದುತ್ತಾರೆ. ನಮ್ಮ ಭಾಷೆಯಲ್ಲಿ ಊಹಿಸಿ. "ದೋಸೆ ತಿಂದ, ಕಡುಬು ತಿಂದ" ಎಂದು ಓದಿದ ಯಂತ್ರ, ತಿಂದದ್ದೆಲ್ಲ ತಿಂಡಿ ಎಂದು ನಿಯಮ ಮಾಡಿಕೊಳ್ಳುತ್ತದೆ. ಮುಂದೆ "ಪೆಟ್ಟು ತಿಂದ, ಲಂಚ ತಿಂದ, ನನ್ನ ತಲೆ ತಿಂದ" ಎಂದು ಓದುತ್ತದೆ. ಪೆಟ್ಟು, ಲಂಚ, ತಲೆ ಮೂರೂ ತಿಂಡಿಯ ಪಟ್ಟಿಗೆ ಸೇರಿದವು! ನೆಲ್‌ಗೆ ನಿಜಕ್ಕೂ ಇಂಥದ್ದೇ ಆಯಿತು. ಅಂತರಜಾಲದ ತಾಣಗಳು ನಮ್ಮ ಕಂಪ್ಯೂಟರಿನಲ್ಲಿ ಬಿಟ್ಟುಹೋಗುವ ಸಣ್ಣ ಗುರುತುಚೀಟಿಗಳಿಗೆ ಇಂಗ್ಲಿಷಿನಲ್ಲಿ 'ಕುಕಿ' ಎನ್ನುತ್ತಾರೆ, ಬಿಸ್ಕತ್ತಿಗೂ ಅದೇ ಮಾತು. ನೆಲ್ ಈ ಚೀಟಿಯನ್ನು ಬೇಕರಿ ತಿಂಡಿ ಎಂದು ನಂಬಿತು. ಆಮೇಲೆ "ಕುಕಿಗಳನ್ನು ಅಳಿಸಿದೆ", "ಫೈಲುಗಳನ್ನು ಅಳಿಸಿದೆ" ಎಂಬ ಎರಡು ಮಾತನ್ನೂ ಕಂಡು, ಓಹೋ, ಫೈಲೂ ಬೇಕರಿ ತಿಂಡಿಯೇ ಎಂದಿತು. ಮೊದಲ ಆರು ತಿಂಗಳು ಅದನ್ನು ಅದರ ಪಾಡಿಗೆ ಬಿಟ್ಟಿದ್ದ ಸಂಶೋಧಕರು, ಆಮೇಲೆ ಆಗಾಗ ಬಂದು ಎದ್ದು ಕಾಣುವ ತಪ್ಪುಗಳನ್ನು ತಿದ್ದತೊಡಗಿದರು. 2015ರ ಹೊತ್ತಿಗೆ ಬೇರೆಬೇರೆ ಮಟ್ಟದ ನಂಬಿಕೆಯ 8 ಕೋಟಿಗೂ ಹೆಚ್ಚು ಸಂಗತಿಗಳು ಅದರ ಬಳಿ ಇದ್ದವು. ಎಂದೂ ಮುಗಿಯದ ಕಲಿಕೆಗೂ ಪಕ್ಕದಲ್ಲಿ ಕೂತು ಕಿವಿ ಹಿಂಡುವ ಒಬ್ಬ ಮೇಷ್ಟ್ರು ಬೇಕಾದರು.

ಹೆಸರಿನ ತೊಡಕೂ ಅವರಿಗೆ ಎದುರಾಗಿತ್ತು. ಆರಂಭದಲ್ಲಿ ನೆಲ್‌ಗೆ ಒಂದು ಹೆಸರೆಂದರೆ ಒಂದೇ ವಸ್ತು. ಒಂದು ಹೆಸರಿಗೆ ಹಲವು ವಸ್ತುಗಳಿರಬಹುದು, ಒಂದು ವಸ್ತುವಿಗೆ ಹಲವು ಹೆಸರಿರಬಹುದು ಎಂದು ಬಿಡಿಸಿ ನೋಡುವ ವಿಧಾನವನ್ನು 2011ರಲ್ಲಿ ರೂಪಿಸಿದರು. ಆದರೆ ಬಿಡಿಸಲು ಎರಡೂ ಕಡೆ ಬರಹ ಬೇಕು. ಜೋಯಿಡಾದ ಉಳವಿಯ ಬಗ್ಗೆ ಪುಟಗಟ್ಟಲೆ ಇದೆ. ಸೊರಬದ ಉಳವಿಯ ಬಗ್ಗೆ ಇರುವುದು ಎಷ್ಟು? ಬರಹ ಹೆಚ್ಚಿರುವ ಊರು ಬರಹ ಕಡಿಮೆಯಿರುವ ಊರನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ.

ಬರಹವನ್ನು ಓದಿ ಸಂಗತಿಗಳನ್ನು ಸೇರಿಸುವ ಕೆಲಸ ಕನ್ನಡಕ್ಕೆ ಮಾತ್ರ ಹೊಸದೇನಲ್ಲ. ಯಂತ್ರದ ಬದಲು ಮನುಷ್ಯರು ಅದನ್ನು ಮಾಡಿದ್ದರು. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸೀಮೆಯ ತಾಲ್ಲೂಕು ತಾಲ್ಲೂಕುಗಳ ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳನ್ನು ತಂದರು. ನಮ್ಮ ಶಿಕಾರಿಪುರದ ಕಲ್ಲುಗಳು 1902ರ ಏಳನೆಯ ಸಂಪುಟದಲ್ಲಿ, ಸೊರಬದವು 1904ರ ಎಂಟನೆಯದರಲ್ಲಿ. ರೆವರೆಂಡ್ ಕಿಟ್ಟೆಲ್ ಅವರ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ಜಿ. ವೆಂಕಟಸುಬ್ಬಯ್ಯನವರೂ ಅವರ ಜೊತೆಯವರೂ ಹಳೆಯ ಕಾವ್ಯ, ಶಾಸನಗಳನ್ನು ಓದಿ, ಒಂದೊಂದು ಪದ ಎಲ್ಲೆಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂದು ಕಾರ್ಡುಗಳಲ್ಲಿ ಬರೆದಿಟ್ಟರು. ಎಂಟು ಸಂಪುಟಗಳ ಕೊನೆಯದು ಹೊರಬಂದದ್ದು 1995ರಲ್ಲಿ. ಸುಮಾರು ಐದು ದಶಕಗಳ ಓದು. ಈ ಹಿರಿಯರಿಗೂ ನೆಲ್‌ಗೂ ಒಂದು ದೊಡ್ಡ ವ್ಯತ್ಯಾಸ ನನಗೆ ಕಾಣುತ್ತದೆ. ಅವರು ಒಂದು ಪದ ಅಪರೂಪವಾಗಿದೆ ಎಂದು ಬಿಡಲಿಲ್ಲ. ಒಂದೇ ಒಂದು ಕಲ್ಲಿನಲ್ಲಿ ಬಂದ ಮಾತಿಗೂ ಬೆಲೆ ಕೊಟ್ಟರು.

ಅದರ ಬೆಲೆ ಏನೆಂದು ತಿಳಿಯಲು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಬನ್ನಿ. ಅಲ್ಲಿ ರಾಷ್ಟ್ರಕೂಟರ ಕಾಲದ, ಹತ್ತನೆಯ ಶತಮಾನದ ಆರಂಭದ ಒಂದು ಶಾಸನವಿದೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ ಮೇಲೆ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ನಾಡನ್ನು ಚೆನ್ನಾಗಿ ಆಳಿದಳು. ರೋಗ ಬಂದಾಗ ಮಗಳನ್ನು ಕರೆದು ತನ್ನದನ್ನೆಲ್ಲ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಈಗ ನೂರಾರು ಶಾಸನ ಓದಿದ ಯಂತ್ರವೊಂದನ್ನು ಊಹಿಸಿ. ಓದಿದ ಕಡೆಯಲ್ಲೆಲ್ಲ ಗಾವುಂಡ ಗಂಡಸೇ. ಅದು "ನಾಳ್ಗಾವುಂಡ ಎಂದರೆ ಗಂಡಸು" ಎಂದು ನಿಯಮ ಕಟ್ಟಿಕೊಳ್ಳುತ್ತದೆ. ಆಮೇಲೆ ಜಕ್ಕಿಯಬ್ಬೆಯ ಕಲ್ಲು ಸಿಕ್ಕರೆ, ಇದೇನೋ ಓದಿನ ದೋಷವಿರಬೇಕು ಎಂದು ಅನುಮಾನದ ಪಟ್ಟಿಗೆ ತಳ್ಳೀತು. ನೂರು ಸಲ ಹೇಳಿದ್ದೇ ನಿಜ ಎನ್ನುವ ಕಡೆ, ಒಂದೇ ಸಲ ಹೇಳಿದ ನಿಜ ಹೆಂಗಸರದೇ ಆಗಿರುವುದು ಹೆಚ್ಚು. ಇದು ಯಂತ್ರದ ದುರ್ಬುದ್ಧಿಯಲ್ಲ. ನಾವು ಬರೆದಿಟ್ಟ ರೀತಿಯೇ ಹಾಗಿದೆ.

ಇನ್ನು ಕಾಲದ ತೊಡಕು. ಸೊರಬದ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದರು. ಶಿಕಾರಿಪುರವನ್ನು ಪ್ರತಿನಿಧಿಸಿದ ಬಿ. ಎಸ್. ಯಡಿಯೂರಪ್ಪ 2007ರಿಂದ 2021ರ ನಡುವೆ ಒಂದಕ್ಕಿಂತ ಹೆಚ್ಚು ಸಲ ಆ ಕುರ್ಚಿಯಲ್ಲಿ ಕೂತರು. ಅಂದಂದಿನ ಪತ್ರಿಕೆಗಳಲ್ಲಿ "ಮುಖ್ಯಮಂತ್ರಿ" ಎಂದೇ ಇರುತ್ತದೆ, ಎಲ್ಲವೂ ಅಂದಿಗೆ ನಿಜ. ದಿನಾಂಕ ನೋಡದೆ ಓದುವವರಿಗೆ ಒಂದೇ ರಾಜ್ಯಕ್ಕೆ ಒಂದೇ ಹೊತ್ತಿಗೆ ಹಲವು ಮುಖ್ಯಮಂತ್ರಿಗಳು! 2014ರ ನವೆಂಬರ್ 1ರಂದು ಇಂಗ್ಲಿಷಿನ 'ಶಿಮೊಗ' ಅಧಿಕೃತವಾಗಿ 'ಶಿವಮೊಗ್ಗ' ಆಯಿತು. ಹೆಸರು ಎರಡು, ಊರು ಒಂದೇ. ನಮ್ಮ ಉಳವಿಯ ಲೆಕ್ಕ ತಿರುಗುಮುರುಗಾದ ಹಾಗೆ.

ಇವೆಲ್ಲಕ್ಕಿಂತ ಕಷ್ಟದ್ದು ಒಂದಿದೆ. ಕನ್ನಡದ ಮೊದಲ ಶಾಸನ ಯಾವುದು ಎಂದರೆ ನನ್ನ ಮಕ್ಕಳೆಲ್ಲ, ಶಾಲೆಯ ಮಕ್ಕಳನ್ನೇ ಹೇಳುತ್ತಿರುವುದು, ಒಕ್ಕೊರಲಿನಿಂದ "ಹಲ್ಮಿಡಿ" ಎನ್ನುತ್ತಿದ್ದರು. ಬೇಲೂರು ತಾಲ್ಲೂಕಿನ ಆ ಶಾಸನವನ್ನು 1936ರಲ್ಲಿ ಎಂ. ಎಚ್. ಕೃಷ್ಣ ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. 450. ಪಠ್ಯಪುಸ್ತಕ, ಗೈಡು, ಪರೀಕ್ಷೆ ಪತ್ರಿಕೆ ಎಲ್ಲೆಲ್ಲೂ ಅದೇ. ಆದರೆ 2013ರ ಸುಮಾರಿಗೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಬಳಿ ಅಗೆದಾಗ ಸಿಂಹಕಟಾಂಜನದ ಮೇಲೆ ಒಂದು ಬರಹ ಸಿಕ್ಕಿತು. ಪುರಾತತ್ವ ಇಲಾಖೆಯ ಅಂದಾಜಿನಲ್ಲಿ ಅದು ಸುಮಾರು ಕ್ರಿ.ಶ. 370ರದು. ಸಾವಿರಾರು ಪುಟಗಳು ಒಂದು ಹೇಳುತ್ತಿರುವಾಗ, ನೆಲದಿಂದೆದ್ದ ಒಂದು ಕಲ್ಲು ಇನ್ನೊಂದು ಹೇಳಿದರೆ ಎಣಿಕೆಯಿಂದ ತೀರ್ಮಾನವಾಗುವುದಿಲ್ಲ. ಸಾಕ್ಷಿಯ ತೂಕ ನೋಡಬೇಕು. ಸದಾ ಕಲಿಯುವುದೆಂದರೆ ಸೇರಿಸುತ್ತಾ ಹೋಗುವುದಷ್ಟೇ ಅಲ್ಲ, ಕಲಿತದ್ದನ್ನು ಬಿಟ್ಟುಕೊಡಲು ಸಿದ್ಧವಿರುವುದೂ ಹೌದು. ಮನುಷ್ಯರಿಗೇ ಕಷ್ಟ, ಯಂತ್ರಕ್ಕೆ ಕೇಳಬೇಕೆ!

ನೆಲ್ ನಂತರ ಬೇರೆ ಬಗೆಯ ಓದುಗ ಯಂತ್ರಗಳು ಬಂದವು. 2022ರ ನವೆಂಬರಿನಲ್ಲಿ ಹೊರಬಂದ ಚಾಟ್‌ಜಿಪಿಟಿಯ ಹೆಸರು ಈಗ ನಮ್ಮ ಪಕ್ಕದ ಮನೆಯ ಹುಡುಗರ ಬಾಯಲ್ಲೂ ಇದೆ. ಇವು ಸಂಗತಿಗಳನ್ನು ಖಾತೆ ಬರೆದಿಡುವುದಿಲ್ಲ. ಅಪಾರವಾಗಿ ಓದಿ, ಯಾವ ಮಾತಿನ ನಂತರ ಯಾವ ಮಾತು ಬರಬಹುದು ಎಂಬ ಹದವನ್ನು ಕಲಿಯುತ್ತವೆ. ಹೊರಗೆ ಬಿಡುವ ಮುಂಚಿನ ಈ ದೊಡ್ಡ ಓದು ಒಂದು ದಿನಕ್ಕೆ ನಿಲ್ಲುತ್ತದೆ. ಮುಂದಿನ ಸುದ್ದಿ ಬೇಕೆಂದರೆ ಬೇರೆ ಕಡೆ ಹುಡುಕಿ ತರಬೇಕು ಇಲ್ಲವೇ ಮತ್ತೆ ಓದಿಸಬೇಕು. ಹೊಸದನ್ನು ಕಲಿಸಹೋದರೆ ಹಳೆಯದು ಅಳಿಸಿಹೋಗುವ ಕಾಯಿಲೆ ಇಂಥ ಯಂತ್ರಗಳಿಗಿದೆ ಎಂದು 1989ರಲ್ಲೇ ತೋರಿಸಿದ್ದರಂತೆ.

ಇದರಲ್ಲಿ ಕನ್ನಡದ ಪಾಲೆಷ್ಟು? 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ. ಅಂತರಜಾಲದ ಬರಹದಲ್ಲಿ ಕನ್ನಡ ನೂರಕ್ಕೆ ಒಂದು ಪಾಲೂ ಇಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರದ ಆಸುಪಾಸು ಲೇಖನಗಳಿದ್ದರೆ ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಹೆಚ್ಚು. ಇದನ್ನು ಬಲ್ಲವರು ನಮ್ಮಲ್ಲೇ ಇದ್ದಾರೆ. ನೆಲ್ ತಂಡದಲ್ಲಿ ಕೆಲಸ ಮಾಡಿದ ಪಾರ್ಥ ಪ್ರತಿಮ್ ತಾಲೂಕ್‌ದಾರ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಯಂತ್ರಕ್ಕೆ ಭಾಷೆ ಕಲಿಸುವ ಸಂಶೋಧನೆ ನಡೆಸಿದರು. ಅದೇ ಸಂಸ್ಥೆ ಗೂಗಲ್ ಜೊತೆಗೂಡಿ 'ವಾಣಿ' ಎಂಬ ಯೋಜನೆಯನ್ನು ಕೈಗೊಂಡಿತು. ದೇಶದ ಜಿಲ್ಲೆಜಿಲ್ಲೆಗಳ ಜನರಿಗೆ ಚಿತ್ರಗಳನ್ನು ತೋರಿಸಿ, ಅವರ ಆಡುಮಾತಿನಲ್ಲೇ ವಿವರಿಸಲು ಹೇಳಿ ದನಿ ಕೂಡಿಡುವ ಕೆಲಸ. ಬರೆದದ್ದು ಸಾಲದು, ಆಡಿದ್ದನ್ನೂ ಕೇಳಿಸಬೇಕು ಎಂದು ವಿಜ್ಞಾನಿಗಳಿಗೂ ಅನ್ನಿಸಿದೆ.

ನಮ್ಮ ಸೀಮೆಯಲ್ಲಿ ಆಡಿದ್ದರಲ್ಲಿ, ಕೈಯಲ್ಲಿ ಮಾಡಿದ್ದರಲ್ಲಿ ಇರುವುದು ಎಷ್ಟೊಂದು! ಶೀಗೆ ಹುಣ್ಣಿಮೆಯಂದು ನಮ್ಮ ಕಡೆ ಭೂಮಿ ಹುಣ್ಣಿಮೆ. ತೆನೆಗಟ್ಟುವ ಗದ್ದೆಗೆ ಬಸುರಿಯ ಬಯಕೆ ತೀರಿಸುವ ಹಬ್ಬ. ದೀವರ ಮನೆಗಳ ಹೆಂಗಸರು ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಗೋಡೆಯ ಹಸೆ ಚಿತ್ತಾರಕ್ಕಾದರೆ ಹುರಿದು ಕರಿದಾಗಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ರಾತ್ರಿಯೆಲ್ಲ ಬಗೆಬಗೆಯ ಸೊಪ್ಪು ಬೇಯಿಸಿ, ಬೆಳಗಿನ ಜಾವ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ. ಚಿತ್ತಾರದ ಬಗ್ಗೆ ಈಗ ಅಲ್ಲಿ ಇಲ್ಲಿ ಬರಹಗಳು ಬಂದಿವೆ. ಆದರೆ ಬುಟ್ಟಿಯ ಯಾವ ಎಳೆಗೆ ಏನು ಹೆಸರು, ಸೊಪ್ಪುಗಳಲ್ಲಿ ಯಾವುದನ್ನು ಮೊದಲು ಕುಯ್ಯಬೇಕು, ಯಾವುದನ್ನು ಮುಟ್ಟಬಾರದು ಎಂಬುದು ಇನ್ನೂ ಕೈಯಿಂದ ಕೈಗೆ ಹೋಗುತ್ತಿದೆ. ಕಲಿಯಬೇಕಾದ ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಒಬ್ಬ ಅಜ್ಜಿ ತೀರಿಕೊಂಡರೆ ಹತ್ತು ಸೊಪ್ಪಿನ ಹೆಸರು ಹೋದ ಹಾಗೆ.

ಇದು ಯಂತ್ರಕ್ಕೆ ಅನ್ನ ಹಾಕುವ ಮಾತಲ್ಲ. ಯಂತ್ರ ಓದಲಿ, ಬಿಡಲಿ. ಆದರೆ ನಾಳೆ ನಮ್ಮ ಮಕ್ಕಳು ಏನು ಕೇಳಬೇಕೆಂದರೂ ಮೊದಲು ಅದನ್ನೇ ಕೇಳುತ್ತಾರೆ, ಅದು ಬರೆದದ್ದನ್ನಷ್ಟೇ ಹೇಳುತ್ತದೆ. ಬರೆಯದೆ ಬಿಟ್ಟದ್ದರ ಜಾಗದಲ್ಲಿ ಪಕ್ಕದ್ದನ್ನು ತಂದು ಕೂರಿಸುತ್ತದೆ. ಬರೆಯುವಾಗ ಇತಿಹಾಸದವಳಾಗಿ ನಾನು ಕೇಳುವುದು ಮೂರೇ: ಯಾವ ಊರು, ಯಾವ ವರ್ಷ, ಯಾರ ಬಾಯಿಂದ ಕೇಳಿದ್ದು. ಈ ಮೂರಿದ್ದರೆ ನಾಳೆ ಯಾರಾದರೂ ತಿದ್ದಬಹುದು. ಇಲ್ಲದಿದ್ದರೆ ಅದು ನೂರನೆಯ ಸಲ ಹೇಳಿದ ಮಾತಾಗುತ್ತದೆ ಅಷ್ಟೆ.

ಕಳೆದ ಭೂಮಿ ಹುಣ್ಣಿಮೆಗೆ ತವರಿಗೆ ಹೋದಾಗ ಇನ್ನೂರು ಪುಟದ ಒಂದು ನೋಟುಬುಕ್ಕು ಹಿಡಿದು ಹೋಗಿದ್ದೆ. ಬುಟ್ಟಿ ಬರೆಯುತ್ತಿದ್ದ ಹಿರಿಯಾಕೆಯೊಬ್ಬರು ನನ್ನ ಪ್ರಶ್ನೆಗಳಿಗೆ ನಕ್ಕು, "ಇದನ್ನೆಲ್ಲ ಬರ್ಕಳ್ಳದು ಎಂಥಕ್ಕೆ, ಕೂತ್ಕಂಡು ನೋಡು" ಎಂದರು. ನೋಡಿದೆ, ಬರೆದೂಕೊಂಡೆ. ಸಂಜೆಯೊಳಗೆ ಹದಿನೇಳು ಸೊಪ್ಪಿನ ಹೆಸರಾದವು. ಅದರಲ್ಲಿ ನಾಲ್ಕು ನಾನು ಎಂದೂ ಕೇಳದವು.